ಮೇಷ್ಟ್ರ ಚಾಕು, ಮಾವನ ಮರಿ

ಹೆಂಡತಿಯಿಲ್ಲದೆ ಮನೆಯಿಂದ ಹೊರಬಿದ್ದೇನು, ಚಾಕುವಿಲ್ಲದೆ ಹೊಸ್ತಿಲು ದಾಟೆ!

ಹೀಗೆಂದು ನಾನು ಪ್ರತಿಜ್ಞೆ ಮಾಡಿದ್ದು ಎಪ್ಪತ್ತೆಂಟನೇ ಇಸವಿಯ ಜನವರಿಯಲ್ಲಿ, ಚಂದ್ರವಳ್ಳಿಯ ಕೆರೆ ದಂಡೆಯ ಮೇಲೆ, ಏಳನೇ ತರಗತಿಯ ಮಕ್ಕಳ ಸಮಕ್ಷಮದಲ್ಲಿ. ನಾನು ಹಿರಿಯೂರಿನ ಒಂದು ಶಾಲೆಯ ಡ್ರಿಲ್ ಮೇಷ್ಟ್ರು, ಹೆಸರು ರಂಗಪ್ಪ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆ. ಮೂವತ್ತೆಂಟು ಹೊಟ್ಟೆಗಳಿಗೆ ಹನ್ನೆರಡು ಸೌತೆಕಾಯಿ ಕೊಂಡು ಹಂಚಲು ಕುಳಿತರೆ ಕತ್ತರಿಸಲು ಏನೂ ಇಲ್ಲ! ಕೊನೆಗೆ ಒಂದೊಂದನ್ನೇ ಮೊಣಕಾಲಿಗೆ ಬಡಿದು ಮುರಿದು ಕೊಟ್ಟೆ. ಮಕ್ಕಳು ಚಪ್ಪಾಳೆ ತಟ್ಟಿದರು. ಪ್ಯಾಂಟು ಮಾತ್ರ ಮೂರು ದಿನ ಪಚ್ಚಡಿಯ ವಾಸನೆ ಹೊಡೆಯಿತು.

ಅದೇ ಸಂಜೆ ದುರ್ಗದ ಪೇಟೆಯಲ್ಲಿ, ನೆಲದ ಮೇಲೆ ಗೋಣಿ ಹಾಸಿ ಕುಳಿತಿದ್ದವನಿಂದ ಒಂದು ಮಡಿಚುವ ಚಾಕು ಕೊಂಡೆ. ಕೋಣದ ಕೊಂಬಿನ ಹಿಡಿ, ಹಿತ್ತಾಳೆ ಮೊಳೆ, ಬಿಚ್ಚಿದರೆ 'ಟಕ್' ಎಂದು ಗಂಭೀರವಾಗಿ ನಿಲ್ಲುವ ಅಲಗು. ಜೇಬಿಗೆ ಹಾಕಿಕೊಂಡೆ. ಹಾಕಿಕೊಂಡ ಕೂಡಲೇ ನನ್ನ ನಡಿಗೆಯೇ ಬದಲಾಯಿತು ಎಂದರೆ ನೀವು ನಂಬಬೇಕು. ದುರ್ಗದ ಕೋಟೆಯ ಕಡೆ ಒಮ್ಮೆ ನೋಡಿದೆ. ಸರಿಸಮಾನರು ಒಬ್ಬರನ್ನೊಬ್ಬರು ನೋಡುವ ಹಾಗೆ ನೋಡಿದೆ.

ಮನೆಗೆ ಬಂದು ಹೆಂಡತಿ ಸಿದ್ದಕ್ಕನಿಗೆ ತೋರಿಸಿದೆ. ಅವಳು ಅದನ್ನು ಬಿಚ್ಚಿ, ಹೆಬ್ಬೆರಳನ್ನು ಅಲಗಿನ ಮೇಲೆ ಅಡ್ಡಡ್ಡ ಎಳೆದು ನೋಡಿ, ಮಡಿಚಿ ವಾಪಸ್ ಕೊಟ್ಟಳು.

"ಸಾಣೆ ಸಾಲ್ದು" ಎಂದಳು.

ಹೆಂಗಸರಿಗೆ ಈಳಿಗೆಮಣೆ ಗೊತ್ತು, ಚಾಕುವಿನ ಗಾಂಭೀರ್ಯ ಹೇಗೆ ಗೊತ್ತಾಗಬೇಕು ಎಂದು ನಾನು ಮನಸ್ಸಿನಲ್ಲೇ ಕ್ಷಮಿಸಿದೆ. ಆದರೂ ಮಾರನೆಯ ದಿನ ಗುಟ್ಟಾಗಿ ಸಾಣೆ ಹಿಡಿಸಿಕೊಂಡು ಬಂದೆ.

ಅಲ್ಲಿಂದ ಮುಂದೆ ಹಿರಿಯೂರಿನಲ್ಲಿ ಕತ್ತರಿಸಬಹುದಾದದ್ದು ಯಾವುದೂ ನನ್ನ ಕಣ್ಣಿಗೆ ಬಿದ್ದು ಉಳಿಯಲಿಲ್ಲ. ಮಕ್ಕಳ ಪೆನ್ಸಿಲ್ಲುಗಳೆಲ್ಲ ವಾರದೊಳಗೆ ಬೆರಳುದ್ದ ಆದವು. ಬಂಡಲ್ ಕಟ್ಟಿದ ದಾರ ಕಂಡರೆ ಓಡಿಹೋಗಿ ಕತ್ತರಿಸುತ್ತಿದ್ದೆ, ಆಮೇಲೆ ಅದನ್ನು ಕಟ್ಟಲು ದಾರ ಹುಡುಕುತ್ತಿದ್ದೆ. ನಮ್ಮ ಹೆಡ್ ಮಾಸ್ಟರ್ ಈರಬಸಪ್ಪನವರ ಕೋಟಿನಲ್ಲಿ ಒಂದು ನೂಲು ನೇತಾಡುತ್ತಿತ್ತು. ಇನ್‌ಸ್ಪೆಕ್ಟರ್ ಸಾಹೇಬರು ಬರುವ ಹೊತ್ತು. ಅಪ್ಪಣೆಯನ್ನೂ ಕಾಯದೆ 'ಟಕ್' ಎನಿಸಿದೆ. ಕೋಟಿನ ಮೂರು ಗುಂಡಿಗಳೂ ಅದೇ ನೂಲಿನಲ್ಲಿ ಜೀವ ಇಟ್ಟುಕೊಂಡಿದ್ದವೆಂದು ನನಗೇನು ಗೊತ್ತು? ಸಾಹೇಬರು ಹೋಗುವವರೆಗೂ ಈರಬಸಪ್ಪನವರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಮಾತಾಡಿದರು. ಹೊಟ್ಟೆನೋವಿಗೆ ಸಾಹೇಬರು ಒಂದು ಕಷಾಯ ಹೇಳಿಕೊಟ್ಟು ಹೋದರಂತೆ!

ಇವೆಲ್ಲ ಚಿಲ್ಲರೆ. ನನ್ನ ಮಾನವನ್ನು ಸಗಟಾಗಿ ತೆಗೆದದ್ದು ಮಾವನವರ ಕಾಗದ.

ಮಾವ ಗೋವಿಂದಪ್ಪನವರು ಬಾಗೂರಿನ ಹತ್ತಿರದ ಹಟ್ಟಿಯವರು, ಕುರಿಯವರು. ನಾವೂ ಕುರಿಯವರೇ, ಆದರೆ ಹೆಸರಿಗೆ. ನಮ್ಮಪ್ಪ ಎಂದೋ ಕುರಿ ಬಿಟ್ಟು ಆದಿವಾಲದಲ್ಲಿ ನಾಲೆ ನೀರಿನ ಗದ್ದೆ ಹಿಡಿದವರು. ನನಗೂ ಕುರಿಗೂ ಇದ್ದ ಸಂಬಂಧವೆಂದರೆ ಕಂಬಳಿ ಹೊದೆಯುವುದು, ಹಬ್ಬಕ್ಕೆ ಸಾರಿನಲ್ಲಿ ಭೇಟಿಯಾಗುವುದು, ಅಷ್ಟೆ.

ಇನ್‌ಲ್ಯಾಂಡ್ ಲೆಟರನ್ನು ಯಾರಾದರೂ ಬೆರಳಿನಿಂದ ಹರಿದಾರೇ, ಜೇಬಿನಲ್ಲಿ ಚಾಕುವಿರುವಾಗ? ಬಚ್ಚಲ ಬಾಗಿಲಲ್ಲಿ ನಿಂತು, ಅಂಟಿನ ಅಂಚೆಂದು ತಿಳಿದು ಮಡಿಕೆಗೇ ಚಾಕು ಹಾಯಿಸಿದೆ. ಒಂದು ಸಾಲಿದ್ದ ಸಣ್ಣ ಪಟ್ಟಿ ಜಾರಿ ಬಚ್ಚಲಿಗೆ ಬಿದ್ದು, ನೀರಿನ ಜೊತೆ ತೂಬಿನಲ್ಲಿ ಹೋಗಿಬಿಟ್ಟಿತು. ಉಳಿದದ್ದನ್ನು ಸಿದ್ದಕ್ಕನಿಗೆ ಓದಿ ಹೇಳಿದೆ. ಮಾವನವರಿಗೆ ಕಣ್ಣಿನ ಆಪರೇಷನ್ ಆಗಿದೆ. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿದ್ದಾರೆ. ಈ ಸಲದ ಮರಿಗಳಿಗೆ ಇನ್ನೂ ಕಿವಿಗುರುತು ಹಾಕಿಲ್ಲ. ಆದ ಕಾರಣ... ಇಲ್ಲಿ ಒಂದು ಸಾಲು ಬಚ್ಚಲಪಾಲು... ಶಿವರಾತ್ರಿ ರಜೆಗೆ ತಪ್ಪದೆ ಕಳಿಸಿಕೊಡಬೇಕು.

"ನೋಡಿದೆಯಾ? ನನ್ನ ಚಾಕುವಿನ ಕೀರ್ತಿ ಬಾಗೂರಿನವರೆಗೂ ಹೋಗಿದೆ. ನನ್ನನ್ನು ಕರೆದಿದ್ದಾರೆ" ಎಂದೆ.

"ಕಳಿಸ್ಕೊಡ್ರಿ ಅಂತ ನಿಮಗೇ ಬರ್ಸವ್ರೆ. ನಿಮ್ಮನ್ನ ನೀವೇ ಹೆಂಗ್ರಿ ಕಳಿಸ್ಕೊಡ್ತೀರಿ?" ಎಂದಳು ಸಿದ್ದಕ್ಕ.

ದೊಡ್ಡವರು ಅಳಿಯನಿಗೆ ನೇರವಾಗಿ 'ಬಾ' ಎಂದು ಬರೆಸುವುದಿಲ್ಲ, ಅದು ವಿನಯ ಎಂದು ವಿವರಿಸಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡಳು. ನಾನೂ ಬರ್ತೀನಿ ಎಂದು ಚೀಲ ತುಂಬಿಕೊಂಡಳು. ಹೊಸದುರ್ಗದವರೆಗೂ ಬಸ್ಸಿನಲ್ಲಿ ನಾನು ಚಾಕು ಬಿಚ್ಚುವುದು ಮಡಿಚುವುದು ಮಾಡುತ್ತ ಕುಳಿತಿದ್ದರೆ, ಕುರಿ ಕಿವಿ ಪೆನ್ಸಿಲ್ ಅಲ್ಲ ಎಂದು ಎರಡು ಸಲ ಎಚ್ಚರಿಸಿದಳು. ಮೂರನೆಯ ಸಲ ಕಂಡಕ್ಟರೇ ಎಚ್ಚರಿಸಿದ, ಪಕ್ಕದ ಸೀಟಿನವರು ಎದ್ದು ಹಿಂದಕ್ಕೆ ಹೋಗಿದ್ದರಂತೆ.

ಕಿವಿಗುರುತು ಎಂದರೇನೆಂದು ಗೊತ್ತಿಲ್ಲದವರಿಗಾಗಿ ಒಂದು ಮಾತು. ಬಯಲಿನಲ್ಲಿ ಹತ್ತು ಮನೆಯ ಕುರಿ ಒಟ್ಟಿಗೆ ಮೇಯುತ್ತವೆ. ಯಾರದು ಯಾವುದೆಂದು ಹೇಳುವುದು ಕಿವಿ. ಮರಿ ಒಂದು ತಿಂಗಳಿನದಾದಾಗ, ಒಂದೊಂದು ಮನೆಯವರು ತಮ್ಮ ತಮ್ಮ ಲೆಕ್ಕದಲ್ಲಿ ಕಿವಿಗೆ ಒಂದು ಕಚ್ಚು ಹಾಕುತ್ತಾರೆ. ತುದಿಗೆ ಹಾಕುವವರುಂಟು, ಬುಡಕ್ಕೆ ಹಾಕುವವರುಂಟು. ಒಮ್ಮೆ ಹಾಕಿದರೆ ಮುಗಿಯಿತು. ಕುರಿ ಸಾಯುವವರೆಗೂ ಅದೇ ಅದರ ವಿಳಾಸ. ಹಿರಿಯರು ಪಂಚಾಯಿತಿ ಕೂತರೂ ಕಿವಿ ನೋಡುತ್ತಾರೆಯೇ ಹೊರತು ಬಾಯಿಮಾತು ಕೇಳುವುದಿಲ್ಲ.

ಹೋದ ಮಾರನೆಯ ಬೆಳಿಗ್ಗೆ ಸಿದ್ದಕ್ಕ ಮತ್ತು ಅವಳ ತಾಯಿ ಗಿರಿಯಮ್ಮ ಬಟ್ಟೆ ಒಗೆಯಲು ಕೆರೆಗೆ ಹೋದರು. ಇದೇ ಸಮಯವೆಂದು ನಾನು ಅಂಗಿ ತೋಳು ಮಡಿಚಿ ರೊಪ್ಪಕ್ಕೆ ನಡೆದೆ. ಜಾಲಿ ಮುಳ್ಳಿನ ಬೇಲಿ ಹಾಕಿದ ದೊಡ್ಡಿಗೆ ಅಲ್ಲಿ ರೊಪ್ಪವೆನ್ನುತ್ತಾರೆ. ಹದಿನೇಳು ಮರಿ, ಮೂವತ್ತನಾಲ್ಕು ಕಿವಿ ನನಗಾಗಿ ಕಾದಿದ್ದವು.

"ಸಿದ್ದಿ ಬರ್ಲಿ ಮೇಷ್ಟ್ರೇ, ಅವಸರ ಇಲ್ಲ" ಎಂದರು ಮಾವ.

ಅವಳು ಬರುವಷ್ಟರಲ್ಲಿ ಮುಗಿಸಿಬಿಟ್ಟಿರುತ್ತೇನೆ ಎಂದೆ. ಮಾವನವರು ಬಾಯಿ ತೆರೆದರು, ಮುಚ್ಚಿದರು. ಮನೆಗೆ ಬಂದ ಅಳಿಯನಿಗೆ 'ಬೇಡ' ಎನ್ನುವ ಮಾವ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಕಲ್ಲಿನ ಮೇಲೆ ಕುಳಿತು ಮೊದಲನೆಯ ಮರಿಯನ್ನು ತಡಕಿ ಹಿಡಿದು, ಮಂಡಿಗಳ ನಡುವೆ ಇಟ್ಟುಕೊಂಡರು. ಒಂದು ಕಣ್ಣಿಗೆ ಹಸಿರು ಬಟ್ಟೆ, ಇನ್ನೊಂದಕ್ಕೆ ಪೊರೆ.

"ಈ ಕಿವಿ. ತುದಿಗೆ ಒಂದೇ ಕಚ್ಚು" ಎಂದು ತಮ್ಮದೇ ಕಿವಿ ಮುಟ್ಟಿ ತೋರಿಸಿ, ಧೂಳು ಬೀಳದಿರಲೆಂದು ಮುಖ ಆ ಕಡೆಗೆ ತಿರುಗಿಸಿಕೊಂಡರು.

ಅವರು ಮುಟ್ಟಿಕೊಂಡದ್ದು ಎಡಗಿವಿ. ಕುರಿಯವನಾಗಿದ್ದರೆ ಎಡಗಿವಿ ಎಂದುಕೊಂಡು ಎಡಗಿವಿಯನ್ನೇ ಕತ್ತರಿಸುತ್ತಿದ್ದ. ಆದರೆ ನಾನು ಡ್ರಿಲ್ ಮೇಷ್ಟ್ರು! ಹದಿನಾಲ್ಕು ವರ್ಷ ಮಕ್ಕಳ ಎದುರು ನಿಂತು ನಾನು ಎಡಗೈ ಎತ್ತಿದ್ದೇನೆ, ಅವರು ಬಲಗೈ ಎತ್ತಿದ್ದಾರೆ. ಎದುರಿಗೆ ನಿಂತವನು ಎಡ ತೋರಿಸಿದರೆ ನಮ್ಮದು ಬಲ. ಇದು ಮೈದಾನದ ಮೊದಲ ಪಾಠ. ಹಾಗಾಗಿ ಒಂದು ಕ್ಷಣವೂ ತಡವರಿಸದೆ ನಾನು ಮರಿಯ ಬಲಗಿವಿ ಹಿಡಿದೆ.

ಟಕ್!

ಎಂಥ ಕಚ್ಚು ಎನ್ನುತ್ತೀರಿ! ಅಳತೆ ಹಿಡಿದ ಹಾಗೆ. ಗಾಯಕ್ಕೆ ಅರಿಶಿನ ಮೆತ್ತಿ ಬಿಟ್ಟರೆ ಮರಿ ಒಂದು ಸಲ 'ಬ್ಯಾ' ಎಂದು ತಾಯಿಯ ಕೆಚ್ಚಲಿಗೆ ಓಡಿತು. ಕೈ ಹಗುರ ಐತೆ ಎಂದು ಮಾವನವರು ಆ ಕಡೆ ನೋಡುತ್ತಲೇ ಹೊಗಳಿದರು. ಆ ಒಂದು ಹೊಗಳಿಕೆಯ ಉಬ್ಬಿನಲ್ಲಿ ಉಳಿದ ಹದಿನಾರೂ ಅರ್ಧ ಗಂಟೆಯಲ್ಲಿ ಮುಗಿದವು. ಚಾಕು ಒರೆಸಿ ಮಡಿಚಿ, ಸೊಂಟದ ಮೇಲೆ ಕೈಯಿಟ್ಟು ಹೆಂಡತಿಯ ದಾರಿ ಕಾಯುತ್ತ ನಿಂತೆ.

ಸಿದ್ದಕ್ಕ ಬಟ್ಟೆಯ ಬುಟ್ಟಿ ಹೊತ್ತು ಬಂದಳು. ಬೇಲಿಯ ಹತ್ತಿರ ನಿಂತಳು. ರೊಪ್ಪದೊಳಗೆ ನೋಡಿದಳು. ಬುಟ್ಟಿ ಇಳಿಸಿದಳು.

"ಅಪ್ಪಾ, ಚಿಕ್ಕಪ್ಪನ ಮರಿ ನಮ್ಮ ರೊಪ್ಪದಾಗೆ ಯಾಕವೆ?"

ನಾನು ನಕ್ಕೆ. ಯಾರೂ ನಗಲಿಲ್ಲ. ಮಾವನವರು ಒಂದು ಮರಿಯನ್ನು ಹಿಡಿದು ಬೆರಳಿನಿಂದ ಎಡಗಿವಿ ಸವರಿದರು. ನುಣ್ಣಗಿತ್ತು. ಬಲಗಿವಿ ಸವರಿದರು. ಮರಿಯನ್ನು ಬಿಟ್ಟು ಟವೆಲ್ಲಿನಿಂದ ಮುಖ ಒರೆಸಿಕೊಂಡು ಅಲ್ಲೇ ಕಲ್ಲಿನ ಮೇಲೆ ಕುಳಿತರು.

ಆಗ ನನಗೆ ತಿಳಿದದ್ದಿಷ್ಟು. ಒಂಬತ್ತು ವರ್ಷದ ಹಿಂದೆ ಮಾವನವರೂ ಅವರ ತಮ್ಮ ಬೀರಪ್ಪನವರೂ ಪಾಲಾದರು. ಹೊಲ, ಮನೆ, ಕುರಿ ಎಲ್ಲ ಸಲೀಸಾಗಿ ಪಾಲಾಯಿತು. ಕೊನೆಗೆ ಒಂದು ಟಗರಿನ ಕೊರಳ ಗಂಟೆಗೆ ಜಗಳ ಬಿದ್ದು, ಅವತ್ತಿನಿಂದ ಮಾತು ನಿಂತಿದೆ. ಮನೆತನದ ಗುರುತನ್ನು ಇಬ್ಬರೂ ಬಿಡಲೊಪ್ಪಲಿಲ್ಲ. ಹಿರಿಯರು ಕುಳಿತು ಅದನ್ನೂ ಪಾಲು ಮಾಡಿದರು. ಅದೇ ಕಚ್ಚು, ಅಣ್ಣನಿಗೆ ಎಡಗಿವಿ, ತಮ್ಮನಿಗೆ ಬಲಗಿವಿ! ಬೀರಪ್ಪನವರ ರೊಪ್ಪ ಎಲ್ಲಿದೆ ಎಂದಿರಾ? ಮಾವನವರ ರೊಪ್ಪಕ್ಕೆ ಅಂಟಿಕೊಂಡೇ, ನಡುವೆ ಒಂದೇ ಮುಳ್ಳಿನ ಬೇಲಿ.

ಅಂದರೆ ನಾನು ಶಿವರಾತ್ರಿಯ ಪುಣ್ಯದಿನದಲ್ಲಿ, ಮಾವನವರ ಒಂದು ವರ್ಷದ ಫಸಲನ್ನು, ಅವರು ಮುಖ ನೋಡದ ತಮ್ಮನಿಗೆ ಬರೆದುಕೊಟ್ಟಿದ್ದೆ. ಅದೂ ಅವರ ಮಂಡಿಯ ಮೇಲೇ ಇಟ್ಟುಕೊಂಡು!

"ಕಾಗದದಾಗೆ ಸಿದ್ದಿನ ಕಳಿಸ್ರಿ ಅಂತ ಬರ್ಸಿದ್ನಲ್ಲ ಮೇಷ್ಟ್ರೇ" ಎಂದರು ಮಾವ ಮೆಲ್ಲಗೆ.

ಬಚ್ಚಲಿಗೆ ಹೋದ ಸಾಲು ಯಾವುದೆಂದು ಆಗ ಗೊತ್ತಾಯಿತು. ಮದುವೆಯಾಗುವವರೆಗೂ ಆ ಮನೆಯ ಮರಿಗಳಿಗೆಲ್ಲ ಕಚ್ಚು ಹಾಕುತ್ತಿದ್ದವಳು ಸಿದ್ದಕ್ಕ. ಹನ್ನೊಂದು ವರ್ಷ ಸಂಸಾರ ಮಾಡಿದ ಮೇಲೆ ಗಂಡನಿಗೆ ದೊರೆತ ಹೊಸ ಸಮಾಚಾರ ಇದು.

ತಪ್ಪು ಮಾಡಿದವನಿಗೆ ತಿದ್ದುವ ಉತ್ಸಾಹ ಹೆಚ್ಚು. ಇದಕ್ಕೇಕೆ ಇಷ್ಟು ಚಿಂತೆ, ಎಡಗಿವಿಗೂ ಒಂದೊಂದು ಹಾಕಿದರಾಯಿತು ಎಂದವನೇ ಕಾಲಿನ ಹತ್ತಿರವಿದ್ದ ಮರಿಯನ್ನು ಹಿಡಿದು 'ಟಕ್' ಎನಿಸಿದೆ. ಸಿದ್ದಕ್ಕ ಹಾರಿ ಬಂದು ನನ್ನ ಕೈ ಹಿಡಿದಳು. ಒಂದು ಕ್ಷಣ ತಡ.

"ಎರಡೂ ಕಿವಿ ಕುಯ್ದ ಕುರಿ ಅಂದ್ರೆ ಕದ್ದಿದ್ದು ಅಂತ್ರಿ" ಎಂದಳು. ಕದ್ದವನು ಹಳೆಯ ಗುರುತು ಅಳಿಸಲಾರದೆ ಇನ್ನೊಂದು ಕಿವಿಗೆ ತನ್ನದನ್ನು ಹಾಕುತ್ತಾನಂತೆ. ಬಯಲಿನಲ್ಲಿ ಯಾರು ಕಂಡರೂ ಹಿಡಿದು ಕಟ್ಟಿಹಾಕುತ್ತಾರಂತೆ.

ಹದಿನಾರು ದಾನ, ಒಂದು ಕಳವು. ಬೆಳಿಗ್ಗೆ ಎಂಟು ಗಂಟೆಯೊಳಗೆ ಇಷ್ಟು ಸಾಧಿಸಿದ ಅಳಿಯ ಆ ಹಟ್ಟಿಗೆ ಹಿಂದೆ ಬಂದಿರಲಾರ.

ಗಿರಿಯಮ್ಮನವರು ಒಳಗೆ ಹೋದರು. ನನಗಾಗಿ ಇಟ್ಟಿದ್ದ ಉಪ್ಪಿಟ್ಟು ಹೊರಗೆ ಬರಲಿಲ್ಲ. ಮಾವನವರು ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವರು ಬಟ್ಟೆ ಕಟ್ಟಿದ ಕಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಕುಳಿತಿದ್ದರು. ಇಷ್ಟು ದಿನ ನನ್ನ ಚಾಕುವಿಗೆ ನಾನೇ ಹಿಗ್ಗುತ್ತಿದ್ದೆ, ಅವತ್ತು ಹಿಗ್ಗು ಬರಲಿಲ್ಲ.

"ಅಪ್ಪನ ಮರಿ ಅಪ್ಪನಿಗೆ ಆಗೋವರ್ಗೂ ನಾನು ಹಿರಿಯೂರು ಬಸ್ಸು ಹತ್ತಲ್ಲ" ಎಂದಳು ಸಿದ್ದಕ್ಕ. "ಚಿಕ್ಕಪ್ಪನ ಹತ್ರ ಹೋಗ್ರಿ. ನೀವೇ ಹೋಗ್ರಿ."

ಹೋದೆ. ಬೇಲಿ ಸುತ್ತಿಕೊಂಡು ಹೋಗುವಷ್ಟರಲ್ಲಿ ಮನಸ್ಸಿನಲ್ಲಿ ಮೂರು ಭಾಷಣ ತಯಾರಿಸಿದ್ದೆ. ಬೀರಪ್ಪನವರು ಉಣ್ಣೆ ಬಿಡಿಸುತ್ತ ಕುಳಿತಿದ್ದರು. ಅವರ ಮುಖ ನೋಡಿದ ಕೂಡಲೇ ಮೂರೂ ಮರೆತುಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಡ್ರಿಲ್ಲಿನ ವಿಷಯ ವಿವರಿಸಲು ಎದ್ದು ನಿಂತು ಕೈ ಎತ್ತಿಯೂ ತೋರಿಸಿದೆ. ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಎಷ್ಟು ಮರಿ ಎಂದು ಕೇಳಿದರು. ಕಚ್ಚು ತುದಿಗೇ ಬಿದ್ದಿದೆಯೋ ಎಂದು ಕೇಳಿದರು. ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದರು.

ಒಂಬತ್ತು ವರ್ಷದ ಮೇಲೆ ತಮ್ಮ ಅಣ್ಣನ ರೊಪ್ಪಕ್ಕೆ ಕಾಲಿಟ್ಟರು. ಗಿರಿಯಮ್ಮನವರು ಒಂದು ಕಂಬಳಿ ಹಾಸಿದರು. ಮಾವನವರು ಅದರ ಈ ತುದಿಗೆ, ಬೀರಪ್ಪನವರು ಆ ತುದಿಗೆ, ಒಬ್ಬರಿಗೊಬ್ಬರು ಬೆನ್ನು ಹಾಕಿ ಕುಳಿತರು. ನಡುವೆ ಎರಡು ಮೊಳ ಜಾಗ. ಆ ಎರಡು ಮೊಳದಲ್ಲಿ ನನ್ನನ್ನು ನಿಲ್ಲಿಸಿದರು.

"ಕಿವಿ ನಂದು. ಕಿವಿ ಯಾರದೋ ಮರಿ ಅವರದು ಅಂತ ಹೇಳ್ರಿ ಮೇಷ್ಟ್ರೇ" ಎಂದರು ಬೀರಪ್ಪನವರು.

ನಾನು ಈ ಕಡೆ ತಿರುಗಿ ಹೇಳಿದೆ. ಮಾವನವರಿಗೆ ಎರಡು ಸಲ ಕೇಳಿಸಿತು, ಅವರಿಂದ ಒಂದು ಸಲ, ನನ್ನಿಂದ ಒಂದು ಸಲ. ಆದರೂ ನನ್ನದಕ್ಕೆ ಮಾತ್ರ ಉತ್ತರ ಕೊಟ್ಟರು.

"ಹೌದು. ಇಲ್ಲ ಅನ್ನಲ್ಲ ಅಂತ ಹೇಳ್ರಿ."

ಸಿದ್ದಕ್ಕ ಕಣ್ಣಿಗೆ ಸೆರಗು ಹಚ್ಚಿದಳು. ಬೀರಪ್ಪನವರು ಮರಿಗಳನ್ನು ಒಂದೊಂದಾಗಿ ಎಣಿಸಿದರು.

"ಕಿವಿ ನಂದಾದ್ರೂ ತಾಯಿ ಅವರವು. ಹಾಲು ಬಿಡ್ಸಿ ಮರಿ ತಗಂಡು ಹೋಗೋನು ಕುರಿಯೋನಲ್ಲ. ನಮ್ಮಲ್ಲೂ ಗುರ್ತಾಗ್ದಿರೋ ಮರಿ ಅವೆ. ಹದಿನಾರಕ್ಕೆ ಸಿದ್ದಿ ಎಡಗಿವಿ ಮಾಡ್ಲಿ. ನಮ್ಮವು ಅವರಿಗೆ, ಇವು ನನಗೆ. ಹಾಲು ಬಿಡೋವರ್ಗೂ ಎರಡೂ ರೊಪ್ಪದ ಕುರಿ ಒಟ್ಟಿಗಿರ್ಲಿ, ಮರಿ ತಾಯಿ ಹುಡುಕ್ಕಂತವೆ. ಹೇಳ್ರಿ."

ಅಷ್ಟುದ್ದ ಮಾತನ್ನು ನಾನು ತೊದಲುತ್ತ ದಾಟಿಸಿದೆ. ಮಾವನವರು ಬೇಲಿಯ ಕಡೆ ಕೈ ತೋರಿಸಿದರು.

"ಒಟ್ಟಿಗಿರ್ಬೇಕಂದ್ರೆ ನಡುವಿನ ಬೇಲಿ ಯಾರು ತೆಗೀಬೇಕಂತೆ, ಕೇಳ್ರಿ."

"ಮೇಷ್ಟ್ರು ತೆಗೀಲಿ."

ಮೇಷ್ಟ್ರು ತೆಗೆದರು. ಒಂಬತ್ತು ವರ್ಷ ಒಣಗಿ ಕಬ್ಬಿಣವಾಗಿದ್ದ ಜಾಲಿ ಮುಳ್ಳು! ಅದರಲ್ಲಿ ಎಷ್ಟು ಬೇಲಿಯಿಂದ ಹೊರಗೆ ಬಂತೋ ಅಷ್ಟು ನನ್ನೊಳಗೆ ಹೋಯಿತು. ನಾನು ಅಂಗೈ ಊದಿಕೊಳ್ಳುತ್ತ ಬರುವಷ್ಟರಲ್ಲಿ ಎರಡೂ ಕಿವಿ ಕುಯ್ದಿದ್ದ ಮರಿಯ ನ್ಯಾಯ ಶುರುವಾಗಿತ್ತು. ಅಣ್ಣ ಬೇಡವೆಂದರು, ತಮ್ಮ ಬೇಡವೆಂದರು. ಗಿರಿಯಮ್ಮನವರು ಆ ಮರಿಯನ್ನು ಎತ್ತಿಕೊಂಡರು.

"ಇದಕ್ಕೆ ಅಣ್ಣಂದೂ ಐತೆ, ತಮ್ಮಂದೂ ಐತೆ. ಕದ್ದಿದ್ದಲ್ಲ, ಪಾಲಾಗ್ದೆ ಇರೋದು. ನಮ್ಮತ್ತೆ ಇದ್ದಿದ್ರೆ ಇದನ್ನೇ ಸಾಕ್ತಿದ್ಲು" ಎಂದರು.

ನನಗೆ ಮುಳ್ಳಿನ ನೆಪದಲ್ಲಿ ಕಣ್ಣೊರೆಸಿಕೊಳ್ಳಲು ಅನುಕೂಲವಾಯಿತು.

ಬೀರಪ್ಪನವರ ಹದಿನಾರು ಮರಿಗಳು ಬಂದವು. ನಾನು ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದೆ. ಜೇಬಿನೊಳಗೆ ನನ್ನ ಕೈಗಿಂತ ಮೊದಲೇ ಸಿದ್ದಕ್ಕನ ಕೈಯಿತ್ತು. ಚಾಕು ಹೊರತೆಗೆದು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕುಳಿತಳು. ನನಗೆ ಮರಿ ಹಿಡಿಯುವ ಕೆಲಸ ಸಿಕ್ಕಿತು.

ಅವಳು ಕಚ್ಚು ಹಾಕುವುದನ್ನು ನೀವು ನೋಡಬೇಕಿತ್ತು. ನಾನು ಹಾಕಿದಾಗ ಮರಿ ಒಂದು ಸಲವಾದರೂ 'ಬ್ಯಾ' ಎಂದಿತ್ತು. ಅವಳು ಹಾಕಿದರೆ, ಮರಿಗೆ ತನಗೇನಾಯಿತೆಂದೇ ತಿಳಿಯುತ್ತಿರಲಿಲ್ಲ. ಒಂದು, ಎರಡು, ಮೂರು... ಕಂಬಳಿಯ ಎರಡು ತುದಿಯವರೂ ಆಗಲೇ ನಮ್ಮ ಕಡೆ ತಿರುಗಿ ಕುಳಿತು ನೋಡತೊಡಗಿದ್ದರು. ಆದರೂ ಮಾತು ನನ್ನ ಮೂಲಕವೇ. ಮರಿ ಚೆನ್ನಾಗವೆ ಅಂತ ಹೇಳ್ರಿ. ಈ ಸಲ ಮೇವು ಚೆನ್ನಾಗಿತ್ತು ಅಂತ ಹೇಳ್ರಿ. ಕಣ್ಣು ನೋಯ್ತೈತೇನು ಕೇಳ್ರಿ. ರಾತ್ರಿ ಹೊತ್ತು ಅಷ್ಟೆ ಅಂತ ಹೇಳ್ರಿ. ನನ್ನ ಕುತ್ತಿಗೆ ಆ ಕಡೆ ಈ ಕಡೆ ತಿರುಗಿ ತಿರುಗಿ ಉಳುಕುವ ಹಾಗಾಯಿತು.

ಏಳನೆಯ ಮರಿ ಸ್ವಲ್ಪ ಕೊಸರಾಡಿ ನನ್ನ ಕೈಯಲ್ಲಿ ಹಿಂದುಮುಂದಾಯಿತು. ನನ್ನೊಳಗಿನ ಮೇಷ್ಟ್ರು ಎಷ್ಟು ಹೊತ್ತೆಂದು ಸುಮ್ಮನಿದ್ದಾನು?

"ಸಿದ್ದೀ, ನೋಡಿಕೊಂಡು ಹಾಕು. ಎದುರಿಗೆ ಕುಳಿತವರಿಗೆ ಎಡಬಲ ಬದಲಾಗಿಬಿಡುತ್ತೆ" ಎಂದೆ.

ಸಿದ್ದಕ್ಕನ ಕೈ ನಿಂತಿತು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ, ಕಂಬಳಿಯ ಈ ತುದಿಯಿಂದಲೂ ಆ ತುದಿಯಿಂದಲೂ ಒಂದೇ ಉಸಿರಿಗೆ ಮಾತು ಬಂತು.

"ಮೇಷ್ಟ್ರೇ, ನೀವು ಸುಮ್ಕೆ ಮರಿ ಹಿಡ್ಕಳ್ರಿ."

ಅಣ್ಣ ತಮ್ಮನ ಮುಖ ನೋಡಿದರು. ತಮ್ಮ ಅಣ್ಣನ ಮುಖ ನೋಡಿದರು. ಒಂಬತ್ತು ವರ್ಷದಲ್ಲಿ ಅವರಿಬ್ಬರೂ ಒಮ್ಮತದಿಂದ ಆಡಿದ ಮೊದಲನೆಯ ಮಾತು ಅದು, ಮತ್ತು ಅದೊಂದನ್ನು ಮಾತ್ರ ನಾನು ಆ ಕಡೆಯಿಂದ ಈ ಕಡೆಗೆ ದಾಟಿಸಬೇಕಾಗಲಿಲ್ಲ.